ಭಾವ ತೊಳೆದಿಟ್ಟ ಕೊಟ್ಟಿಗೆ

ಮಾರ್ಚ್ ೩

ಪ್ರೀತಿಯ ಅಕ್ಕನಿಗೆ,

ಸಮಸ್ತ ಲೋಕಕ್ಕೂ, ಅದರಲ್ಲಿ ವಿಶೇಷವಾಗಿ ನಿನಗೂ, ಈ ಮೂಲಕ ಘೋಷಿಸುವುದೇನೆಂದರೆ: ನನ್ನ ಅಡುಗೆಮನೆಯ ಕಿಟಕಿಯ ಚಿಲಕ ಇಂದು ಬೆಳಿಗ್ಗೆ ಒಂದೇ ಪೆಟ್ಟಿಗೆ ಕೂತಿದೆ. ಕೂರಿಸಿದವನು ನಾನೇ. ಕೆಳಗಿನ ಮನೆಯ ದರ್ಜಿ ಸಾಕ್ಷಿಯಾಗಿ ನಿಂತಿದ್ದು, "ಪರವಾಗಿಲ್ವೇ, ನಿಮಗೂ ಕೈ ಇದೆ" ಎಂದು ಉದ್ಗರಿಸಿದ್ದಾನೆ. ಇನ್ನು ಮುಂದೆ ಮರಗೆಲಸಕ್ಕೆ ಸಂಬಂಧಿಸಿದ ಯಾವುದೇ ಸಂದೇಹವನ್ನು ಕುಟುಂಬದವರು ನನ್ನಲ್ಲಿ ನಿಸ್ಸಂಕೋಚವಾಗಿ ಕೇಳಬಹುದು.

ಕೇಳುವ ಕಾಲ ಬಂದಿದೆಯೆಂದು ಚಿಕ್ಕಮ್ಮ ಹೇಳಿದಳು. ತಾತನ ದೊಡ್ಡ ಕೊಟ್ಟಿಗೆಯನ್ನು ಬಿಚ್ಚಿ, ಹೊಲದ ಆಚೆ ಬದಿಗೆ ಹೊತ್ತುಕೊಂಡು ಹೋಗಿ ಮತ್ತೆ ನಿಲ್ಲಿಸುತ್ತೀಯಂತೆ. ಮಳೆಗೆ ಮುಂಚೆ ಸೂರು ಏರದಿದ್ದರೆ ಹಸುಗಳನ್ನೆಲ್ಲ ಡೈರಿಯವನಿಗೆ ಕೊಟ್ಟುಬಿಡುವುದಾಗಿ ಭಾವನ ಎದುರಿಗೆ ಮಾತು ಬೇರೆ ಕೊಟ್ಟಿದ್ದೀಯಂತೆ. ಚಿಕ್ಕಮ್ಮನ ಬಾಯಲ್ಲಿ ಇಲಿ ಹುಲಿಯಾಗುವುದು ನನಗೆ ಗೊತ್ತು. ಇದು ಇಲಿಯೋ ಹುಲಿಯೋ ನೀನೇ ಬರೆ.

ಜೊತೆಗೆ ಒಂದು ಸ್ವಾರ್ಥ. ಹಳೆಯ ಕೊಟ್ಟಿಗೆಗಳ ಬಗ್ಗೆ ಅಂಕಣ ಬರೆಯುತ್ತೇನೆಂದು ಪತ್ರಿಕೆಯ ಸಂಪಾದಕರ ಹತ್ತಿರ ಒಪ್ಪಿಕೊಂಡಿದ್ದೇನೆ. ನಿನ್ನ ಕೊಟ್ಟಿಗೆಗೆ ಮೂರು ಅಂಕಣ, ನನ್ನ ತಲೆಯಲ್ಲಿ ಒಂದೂ ಇಲ್ಲ. ದಾನ ಮಾಡು.

ನಿನ್ನ
ತಮ್ಮ (ಚಿಲಕವೀರ)


ಮಾರ್ಚ್ ೧೨

ಚಿಲಕವೀರನಿಗೆ ಆಶೀರ್ವಾದಗಳು.

ಹುಲಿಯೇ ಕಣೋ. ಹೋದ ಮಳೆಗಾಲದಲ್ಲಿ ಹಳ್ಳದ ದಂಡೆ ಕುಸಿದು ಕೊಟ್ಟಿಗೆಯ ಹಿಂಗೋಡೆಯ ಹತ್ತಿರಕ್ಕೇ ಬಂದು ಕೂತಿದೆ. ಬರುವ ಮಳೆಗೆ ಕೊಟ್ಟಿಗೆ ಹಳ್ಳಕ್ಕೆ ಇಳಿಯುತ್ತೆ, ಅನುಮಾನವೇ ಇಲ್ಲ. ನಿನ್ನ ಭಾವ ಹೇಳಿದ್ದು: "ಮರ ಮಾರು, ಹಸು ಮಾರು, ಇಬ್ಬರೂ ಹಾಯಾಗಿ ಮಲಗೋಣ." ಆಸ್ಪತ್ರೆಯಲ್ಲಿ ಇಡೀ ಜೀವಮಾನ ಆಪರೇಷನ್ ಕೋಣೆ ತೊಳೆಸಿದ ಮನುಷ್ಯ. ಸಗಣಿ ಕಂಡರೆ ಇವತ್ತಿಗೂ ಸೀನುತ್ತಾರೆ. ನಾನು ಹೇಳಿದೆ: "ಇದು ಬಿಚ್ಚಿ ಕಟ್ಟೋಕೇ ಮಾಡಿರೋ ಕಟ್ಟಡ ರೀ. ಮಳೆಗೆ ಮುಂಚೆ ನಿಲ್ಲಿಸಿ ತೋರಿಸ್ತೀನಿ. ಆಗದಿದ್ರೆ ನಾನೇ ಡೈರಿಯವನ ಲಾರಿಗೆ ಹಸು ಹತ್ತಿಸ್ತೀನಿ." ಆಡಿದ್ದು ಆಡಿಯಾಯಿತು. ಹಸುಗಳು ಈಗ ಪಕ್ಕದ ಮನೆಯವರ ಗಾಡಿಮನೆಯಲ್ಲಿವೆ. ಮಳೆ ಬಂದರೆ ಅವರ ಯಂತ್ರಗಳಿಗೆ ಆ ಜಾಗ ಬೇಕು. ನಾಲ್ಕೂ ನನ್ನ ಕೈಯಲ್ಲೇ ಹುಟ್ಟಿದವು. ಅವುಗಳಲ್ಲಿ ಗಡಿಬಿಡಿ ಅನ್ನುವವಳಂತೂ ಹಿಂಗಾಲು ಮುಂದಾಗಿ ಬಂದಿದ್ದಳು, ಮೊಣಕೈವರೆಗೆ ಕೈ ಹಾಕಿ ಎಳೆದಿದ್ದೆ.

ನಿನ್ನ ಅಂಕಣಕ್ಕೆ ದಾನ: ಕೊಟ್ಟಿಗೆಯಲ್ಲಿ ಒಂದು ಕಬ್ಬಿಣದ ಮೊಳೆ ಇಲ್ಲ. ತೊಲೆಯ ತುದಿಯಲ್ಲಿ ಮರದ ನಾಲಿಗೆ, ಕಂಬದಲ್ಲಿ ಅದಕ್ಕೊಂದು ಬಾಯಿ, ಎರಡರ ಮೂಲಕ ಒಂದು ಮರದ ಗೂಟ. ಕಂಬಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಬುಡ ದಪ್ಪ ತಾನೆ? ತೊಲೆ ಹೊರಲು ದಪ್ಪ ಬೇಕಾಗಿರುವುದು ಮೇಲೆ, ಅದಕ್ಕೇ ಬುಡ ಮೇಲೆ, ತುದಿ ಕೆಳಗೆ. ಮಧ್ಯದ ಅಂಕಣ ಕಣ. ಅದರ ಆಚೆಗೂ ಈಚೆಗೂ ಎದುರುಬದುರು ದೊಡ್ಡ ಬಾಗಿಲು. ಎರಡೂ ತೆರೆದರೆ ಗಾಳಿ ನೇರ ಹಾಯುತ್ತೆ, ಕಾಳು ತೂರಿದರೆ ಹೊಟ್ಟು ತಾನಾಗಿ ಹಾರಿ ಹೋಗುತ್ತೆ. ಒಂದು ಪಕ್ಕದ ಅಂಕಣ ಹಸುಗಳಿಗೆ, ಇನ್ನೊಂದು ಹುಲ್ಲಿಗೆ. ತುತ್ತತುದಿಯಲ್ಲಿ ಗೂಬೆಗೆಂದೇ ಬಿಟ್ಟ ತೂತು. ಬಾಡಿಗೆ ಬದಲು ಇಲಿ ಹಿಡಿಯುತ್ತೆ.

ಈ ಮರ ಒಡೆದ ಹಡಗಿನದು ಅಂತ ತಾತ ಕೊಚ್ಚಿಕೊಳ್ಳುತ್ತಿದ್ದನಲ್ಲ? ಸುಳ್ಳು. ಬಿಚ್ಚಿದಾಗ ಗೊತ್ತಾಯಿತು. ಎಷ್ಟೋ ತೊಲೆಗಳಲ್ಲಿ ಉಪಯೋಗಕ್ಕಿಲ್ಲದ ಹಳೆಯ ಬಾಯಿಗಳಿವೆ. ಅಂದರೆ ಇದಕ್ಕೂ ಮುಂಚಿನ ಯಾವುದೋ ಕೊಟ್ಟಿಗೆಯ ಮರ. ಹತ್ತಿರದ ಸಮುದ್ರಕ್ಕೆ ಹೋಗಲು ಎರಡು ರೈಲು ಬದಲಾಯಿಸಬೇಕು, ಹಡಗು ಯಾವ ರೈಲಿಗೆ ಬಂತೋ!

ಮುಖ್ಯವಾದ ಮಾತು. ಒಂದೊಂದು ನಾಲಿಗೆಯನ್ನೂ ಅದರದರ ಬಾಯಿಗೇ ಅಳತೆ ನೋಡಿ ಕೆತ್ತಿದ್ದಾರೆ. ಒಬ್ಬರ ಹಲ್ಲುಸೆಟ್ಟು ಇನ್ನೊಬ್ಬರ ಬಾಯಿಗೆ ಕೂರುತ್ತಾ? ಇದೂ ಹಾಗೇ. ಯಾವುದು ಯಾವುದಕ್ಕೆ ಅಂತ ತಿಳಿಯಲು ಹಳೆಯ ಬಡಗಿಗಳು ಪ್ರತಿ ಜೋಡಿಯ ಮೇಲೂ ಉಳಿಯಿಂದ ಒಂದೊಂದು ಗುರುತು ಗೀರಿದ್ದಾರೆ. ನಮ್ಮ ಬಡಗಿಗೆ "ಬಿಚ್ಚೋ ಮೊದಲು ನೀನೂ ಗುರುತು ಹಾಕ್ಕೋ" ಅಂದೆ. "ಹಳೇದು ಕಣ್ಣಿಗೆ ಹೊಡೆಯೋ ಹಾಗಿರೋವಾಗ ಹೊಸದ್ಯಾಕಮ್ಮಾ, ಮರಕ್ಕೆ ಗಾಯ" ಅಂದ. ಸರಿ ಎನಿಸಿತು. ಈಗ ಎಲ್ಲ ಬಿಚ್ಚಿ ಹುಲ್ಲಿನ ಮೇಲೆ ಮಲಗಿಸಿದ್ದೇವೆ, ಮೇಲೆ ಟಾರ್ಪಾಲು. ಬಡಗಿ ಬೇರೆ ಕೆಲಸಕ್ಕೆ ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ನಾನೂ ಗಾರೆಯವನೂ ಹೊಸ ಜಾಗದಲ್ಲಿ ಕಲ್ಲಿನ ಪಾಯ ಮುಗಿಸಬೇಕು.

ನಿನ್ನ ಭಾವ ಮಾತು ಕಡಿಮೆ ಮಾಡಿದ್ದಾರೆ. ದಿನವಿಡೀ ಟಾರ್ಪಾಲಿನ ಹತ್ತಿರ ಏನೋ ಮಾಡುತ್ತಿರುತ್ತಾರೆ. ಕೇಳಿದರೆ "ಏನಿಲ್ಲ ಬಿಡು" ಅನ್ನುತ್ತಾರೆ.

ಇಂತಿ,
ಅಕ್ಕ


ಏಪ್ರಿಲ್ ೯

ತಮ್ಮಾ,

ಈ ಕಾಗದ ಓದಿ ಹರಿದುಹಾಕು. ಉತ್ತರವನ್ನು ಮನೆಗೆ ಬರೆಯಬೇಡ, ಬಡಗಿಯ ವಿಳಾಸಕ್ಕೆ ಬರೆ. ಫೋನ್ ಮಾಡಲೇಬೇಡ, ನಮ್ಮ ಫೋನ್ ಊಟದ ಮೇಜಿನ ಪಕ್ಕದಲ್ಲಿದೆ, ನಿನ್ನ ಭಾವ ಊಟದ ಮೇಜಿನ ಪಕ್ಕದಲ್ಲಿದ್ದಾರೆ.

ಮೊನ್ನೆ ಪಾಯದ ಕೊನೆಯ ಕಲ್ಲು ಕೂತಿತು. ಸಂಜೆ ನಿನ್ನ ಭಾವ ಬಂದು "ಕಣ್ಣು ಮುಚ್ಚಿಕೊಂಡು ಬಾರೇ" ಅಂದರು. ಈ ವಯಸ್ಸಿನಲ್ಲಿ ಕಣ್ಣು ಮುಚ್ಚಿಕೊಂಡು ಎಲ್ಲಿಗೆ ಹೋಗೋದು? ಹೋದೆ. ಟಾರ್ಪಾಲು ಸರಿಸಿದರು. ಮರವೆಲ್ಲ ಹೊಳೆಯುತ್ತಿತ್ತು ಕಣೋ. ಒಂದೊಂದು ತೊಲೆಯನ್ನೂ ಸೋಡಾ ನೀರು ಹಾಕಿ ಉಜ್ಜಿ, ಹತ್ತರಿ ಹೊಡೆದು ಮೇಲ್ಪದರ ಕೆರೆದು, ಎಣ್ಣೆ ಸವರಿದ್ದಾರೆ. ಮಸಿ ಇಲ್ಲ, ಸಗಣಿ ಇಲ್ಲ, ಆಪರೇಷನ್ ಕೋಣೆ ಮಾಡಿಬಿಟ್ಟಿದ್ದಾರೆ. ಬೆರಳುಗಳ ಚರ್ಮ ಸುಲಿದು ಬಟ್ಟೆ ಸುತ್ತಿಕೊಂಡಿದ್ದರು. "ನೀನು ಕಟ್ತೀನಿ ಅಂದೆ, ನಾನು ಮಾರು ಅಂದೆ. ತಪ್ಪಾಯ್ತು. ಇದು ನನ್ನ ಕಡೆಯಿಂದ" ಅಂದರು.

ನಾನು ಬಗ್ಗಿ ನೋಡಿದೆ. ಒಂದು ಗುರುತೂ ಉಳಿದಿಲ್ಲ.

ಏನು ಹೇಳಲಿ? "ಎಷ್ಟು ಚೆನ್ನಾಗಿದೆ ರೀ" ಅಂದೆ. ಅಳು ಬಂತು. ಖುಷಿಗೆ ಅಂದುಕೊಂಡರು, ಕರವಸ್ತ್ರ ಕೊಟ್ಟರು.

ಮರುದಿನ ಬಡಗಿ ಬಂದ. ಅವನ ಮುಖ ಬಿಳಿಚಿಕೊಂಡಿತು. ಹುಲ್ಲಿನ ಮೆದೆಯ ಹಿಂದೆ ಎಳೆದುಕೊಂಡು ಹೋಗಿ ಬಾಯಿ ಮುಚ್ಚಿಸಿದೆ. ಈಗ ಒಂದೊಂದು ನಾಲಿಗೆಯನ್ನೂ ಒಂದೊಂದು ಬಾಯಿಗೆ ಇಟ್ಟು ನೋಡಬೇಕು. ನಾಲ್ಕಾಳು ಎತ್ತುವ ತೊಲೆಗಳು! ಮಳೆಗೆ ಮುಂಚೆ ಆಗುತ್ತಾ ಅಂತ ಬಡಗಿಯನ್ನು ಕೇಳಿದೆ. ಅವನು ಆಕಾಶ ನೋಡಿದ, ನೆಲ ನೋಡಿದ, ಬೀಡಿ ಹಚ್ಚಿದ.

ನಿನ್ನ ಭಾವನಿಗೆ ಇದು ಎಂದಿಗೂ ಗೊತ್ತಾಗಬಾರದು. ಹಸು ಹೋದರೂ ಸರಿ. ನನ್ನ ಮೇಲೆ ಆಣೆ ಇಡು.

ಅಕ್ಕ


ಏಪ್ರಿಲ್ ೧೬
(ಬಡಗಿಯ ಮನೆಯ ವಿಳಾಸಕ್ಕೆ)

ಅಕ್ಕಾ,

ಆಣೆ ಇಟ್ಟೆ.

ತಮಾಷೆಯಾಗಿ ಏನಾದರೂ ಬರೆಯೋಣವೆಂದು ಕೂತೆ. ಹೆಂಡತಿ ಹೊಲಕ್ಕೆ ಎಳೆಯುತ್ತಾಳೆ, ಗಂಡ ಆಸ್ಪತ್ರೆಗೆ ಎಳೆಯುತ್ತಾನೆ, ನಡುವೆ ಕೊಟ್ಟಿಗೆ ಸ್ನಾನ ಮುಗಿಸಿ ಮಲಗಿದೆ ಎಂದು ಒಂದು ಸಾಲು ಬರೆದು ಹೊಡೆದುಹಾಕಿದೆ. ನಗು ಬರಲಿಲ್ಲ. ಭಾವನ ಬೆರಳಿಗೆ ಸುತ್ತಿದ ಬಟ್ಟೆಯೇ ಕಣ್ಣ ಮುಂದೆ ಬರುತ್ತಿದೆ.

ಇಲ್ಲಿ ಹಳೆಯ ಕಟ್ಟಡಗಳನ್ನು ಅಳೆಯುವ ಒಬ್ಬ ಇಂಜಿನಿಯರಮ್ಮನನ್ನು ಹಿಡಿದು ಕೇಳಿದೆ. ಹುಳು ತಿಂದ ತೂತು ತೊಲೆಯಿಂದ ಕಂಬಕ್ಕೆ ನೇರ ದಾಟಿರುತ್ತದಂತೆ, ಎರಡನ್ನೂ ಹೊಂದಿಸಿ ನೋಡಬೇಕಂತೆ. ಹಸುಗಳು ಕುತ್ತಿಗೆ ಉಜ್ಜಿ ಸವೆದ ಕಂಬಗಳು ಹಸುವಿನ ಅಂಕಣದವಂತೆ. ಇಷ್ಟು ಹೇಳಿ, "ಮೇಲ್ಮೈ ಕೆರೆಸಿಲ್ಲ ತಾನೇ?" ಎಂದರು. ನಾನು ಟೀ ಕುಡಿದು ಎದ್ದು ಬಂದೆ.

ಗಡಿಬಿಡಿಗೆ ನನ್ನ ನಮಸ್ಕಾರ ತಿಳಿಸು.

ತಮ್ಮ


ಏಪ್ರಿಲ್ ೨೮

ಪ್ರಿಯ ಭಾವಮೈದುನನಿಗೆ,

ನಾನು ಕಾಗದ ಬರೆಯುವವನಲ್ಲವೆಂದು ನಿನಗೆ ಗೊತ್ತು. ಆಸ್ಪತ್ರೆಯಲ್ಲಿ "ನೆಲ ಒದ್ದೆಯಿದೆ, ಎಚ್ಚರಿಕೆ" ಎಂದು ಬರೆದದ್ದೇ ನನ್ನ ಸಮಗ್ರ ಸಾಹಿತ್ಯ. ಆದರೂ ಬರೆಯುತ್ತಿದ್ದೇನೆ. ಉತ್ತರವನ್ನು ಮನೆಗೆ ಕಳಿಸಬೇಡ. ಆಸ್ಪತ್ರೆಯ ಗೇಟಿನ ಕಾವಲುಗಾರ ನನ್ನ ಹಳೆಯ ಸ್ನೇಹಿತ, ಅವನ ಹೆಸರಿಗೆ ಕಳಿಸು. ನಿನ್ನ ಅಕ್ಕನಿಗೆ ತಿಳಿಯಕೂಡದು.

ನಾನು ಮರಗಳನ್ನು ಸ್ವಚ್ಛ ಮಾಡಿದೆ. ಅದರಿಂದ ಅನಾಹುತವಾಗಿದೆ. ಮರುದಿನ ಬಡಗಿ ಬಂದಾಗ ಅವನಿಗೆ ಟೀ ತೆಗೆದುಕೊಂಡು ಹೋದೆ. ಹುಲ್ಲಿನ ಮೆದೆಯ ಆಚೆಯಿಂದ ಮಾತು ಕೇಳಿಸಿತು. "ಸಾಹೇಬ್ರು ಗುರುತೆಲ್ಲ ಬೋಳಿಸಿಬಿಟ್ರಲ್ಲಮ್ಮಾ" ಎಂದ. "ಷ್! ಅವರಿಗೆ ಗೊತ್ತಾದ್ರೆ ಕುಗ್ಗಿಹೋಗ್ತಾರೆ, ಪ್ರಾಣ ಹೋದ್ರೂ ಹೇಳ್ಬೇಡ" ಎಂದಳು. ಟೀಯನ್ನು ಅಲ್ಲೇ ಚೆಲ್ಲಿ ವಾಪಸು ಬಂದೆ.

ಅವಳು ನನಗೋಸ್ಕರ ಮುಚ್ಚಿಟ್ಟಿದ್ದಾಳೆ. ನನಗೆ ಗೊತ್ತೆಂದು ಹೇಳಿದರೆ ಅವಳು ಪಟ್ಟ ಪಾಡೂ ವ್ಯರ್ಥ. ಆದ್ದರಿಂದ ನಾನು ಏನೂ ತಿಳಿಯದವನಂತೆ ಇದ್ದೇನೆ. ಕೆಲಸದ ಕಡೆ ಸುಳಿಯುವುದಿಲ್ಲ. ಎಂಥ ಆಲಸಿ ಗಂಡನಪ್ಪ ಎಂದು ಪಕ್ಕದ ಮನೆಯವರು ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ.

ಅವು ಗುರುತುಗಳೆಂದು ನನಗೆ ಹೊಳೆಯಲೇ ಇಲ್ಲ. ಯಾರೋ ಹಿಂದಿನವರು ಕೆಲಸವಿಲ್ಲದೆ ಗೀಚಿದ್ದೆಂದುಕೊಂಡೆ. ಈಗ ಕಣ್ಣು ಮುಚ್ಚಿದರೆ ಅವೇ ಬರುತ್ತವೆ. ಎರಡು ಗಂಟಿರುವ ಅಡ್ಡತೊಲೆಯ ತುದಿಯಲ್ಲಿ ಕೋಳಿಕಾಲಿನಂಥದ್ದು, ಅದು ಹೋಗಲು ಒಂದು ಬೆಳಿಗ್ಗೆ ಪೂರ್ತಿ ಹಿಡಿಯಿತು. ಬಿರುಕಿರುವ ಕಂಬದ ಮೇಲೂ ಅದೇ ಕೋಳಿಕಾಲು. ಕೆಂಪು ಛಾಯೆಯ ತೊಲೆಯ ಮೇಲೆ ಅರ್ಧಚಂದ್ರ, ಪಕ್ಕದಲ್ಲಿ ಎರಡು ಗೆರೆ. ಎಷ್ಟು ಚೊಕ್ಕವಾಗಿತ್ತೆಂದರೆ ಅಳಿಸಲು ಕೈ ಬರಲಿಲ್ಲ. ಆದರೂ ಅಳಿಸಿದೆ.

ನೀನು ಪೇಟೆಯಲ್ಲಿರುವವನು. ಹತ್ತರಿ ಹೊಡೆದ ಮರದಲ್ಲಿ ಹಳೆಯ ಗೀರು ಮತ್ತೆ ಕಾಣಿಸುವಂಥ ಔಷಧ ಏನಾದರೂ ಇದೆಯೇ ಎಂದು ಯಾರನ್ನಾದರೂ ವಿಚಾರಿಸು. ಖರ್ಚಿನ ಯೋಚನೆ ಬೇಡ. ನಿನ್ನ ಅಕ್ಕನಿಗೆ ಹೇಳುವುದಿಲ್ಲವೆಂದು ಮಾತು ಕೊಡು.

ಇಂತಿ ನಿನ್ನ
ಭಾವ


ಮೇ ೪
(ಆಸ್ಪತ್ರೆಯ ಕಾವಲುಗಾರನ ಹೆಸರಿಗೆ)

ಭಾವಾ,

ನಿಮ್ಮ ಪತ್ರ ಬಂದ ಕೂಡಲೇ ಮಾತು ಕೊಟ್ಟೆ. ಕೊಟ್ಟ ಮೇಲೆ ಇನ್ನೊಮ್ಮೆ ಓದಿದೆ. ಓದಿದ ಮೇಲೆ, ಮೊದಲೇ ಎರಡು ಸಲ ಓದಿ ಆಮೇಲೆ ಕೊಡಬೇಕಿತ್ತು ಎನಿಸಿತು. ಔಷಧ ಇಲ್ಲ ಎನ್ನುತ್ತಾರೆ. ನೀವು ಒಮ್ಮೆ ಕೆಲಸದ ಕಡೆ ಹೋಗಿ ಬನ್ನಿ ಭಾವ. ಸುಮ್ಮನೆ ನಿಂತು ನೋಡಿ. ಬಾಯಿ ತಾನಾಗಿ ಏನಾದರೂ ಹೇಳಿದರೆ ತಡೆಯಬೇಡಿ.

ನಿಮ್ಮ
ಭಾವಮೈದುನ


ಮೇ ೪
(ಬಡಗಿಯ ಮನೆಯ ವಿಳಾಸಕ್ಕೆ)

ಅಕ್ಕಾ,

ಒಂದು ಪುಟ್ಟ ಸಲಹೆ. ಭಾವನನ್ನು ಕೆಲಸದ ಹತ್ತಿರ ಒಂದು ಕುರ್ಚಿ ಹಾಕಿ ಕೂರಿಸು. ಏಕೆಂದು ಕೇಳಬೇಡ. ನನ್ನ ಬಾಯಿಗೆ ಬೀಗ ಬಿದ್ದಿದೆ. ಒಂದಲ್ಲ, ಎರಡು.

ತಮ್ಮ


ಮೇ ೧೪

ತಮ್ಮಾ,

ಕುರ್ಚಿಯಂತೆ ಕುರ್ಚಿ! ಅವರ ಕಣ್ಣೆದುರಿಗೆ ನಾವು ತೊಲೆ ಎತ್ತಿ, ಇಟ್ಟು, ಬಯ್ದು, ಇಳಿಸುವುದನ್ನು ತೋರಿಸಲಾ? ಎರಡು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. ಮೊನ್ನೆ ಯಾಕೋ ಅವರೇ ಬಂದು ಬೇಲಿಯ ಹತ್ತಿರ ನಿಂತಿದ್ದರು. ತಲೆನೋವು ಅಂತ ಸುಳ್ಳು ಹೇಳಿ ಮಾತ್ರೆ ತರಲು ಪೇಟೆಗೆ ಅಟ್ಟಿದೆ. ಮರುಮಾತಾಡದೆ ಹೋದರು. ಹೋಗುವಾಗಿನ ಮುಖ ಚೆನ್ನಾಗಿರಲಿಲ್ಲ.

ನಿನ್ನೆ ಬಲವಂತ ಮಾಡಿ ಒಂದು ನಾಲಿಗೆಯನ್ನು ಕೊಡತಿಯಿಂದ ಹೊಡೆದು ಕೂರಿಸಲು ಹೋದೆವು. ಕಂಬದ ಬಾಯಿ ಸೀಳಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಇನ್ನೊಂದು ಸೀಳಿದರೆ ಮುಗಿಯಿತು, ಅಂಥ ಕಂಬಕ್ಕೆ ಎಲ್ಲಿ ಹೋಗಲಿ? ಬಡಗಿ ಗರಗಸ ಹಿಡಿದು ನಿಂತಿದ್ದಾನೆ: "ನಾಲಿಗೆ ಕತ್ತರಿಸಿ ಕಬ್ಬಿಣದ ಪಟ್ಟಿ ಹೊಡೆಯೋಣಮ್ಮಾ, ನಿಲ್ಲುತ್ತೆ." ಎಷ್ಟು ಗಾಳಿಗೆ ನಿಲ್ಲುತ್ತೆ ಅಂತ ಕೇಳಿದೆ. ಅವನು ಗರಗಸದ ಹಲ್ಲು ಮಸೆಯತೊಡಗಿದ. ಹಾಗೆ ಸೋಲಿಸಿ ನಿಲ್ಲಿಸಿದ ಕಟ್ಟಡದ ಕೆಳಗೆ ಹಸು ಕಟ್ಟಿ ನಾನು ನಿದ್ದೆ ಮಾಡಲಾರೆ.

ಪಕ್ಕದ ಮನೆಯವರು ನಯವಾಗಿ ನೆನಪಿಸಿದರು, ಯಂತ್ರ ಬರುತ್ತೆ ಅಂತ. ಡೈರಿಯವನೂ ಬಂದಿದ್ದ. ಹಸುಗಳ ಹಲ್ಲು ಹಿಡಿದು ನೋಡಿದ. ಗಡಿಬಿಡಿಯ ಬಾಯಿ ಅಗಲಿಸಿ, "ಇದೊಂದು ಸ್ವಲ್ಪ ವಯಸ್ಸಾಯ್ತು, ಹಾಲಿಗೆ ಆಗಲ್ಲ, ಬೇರೆ ಕಡೆ ಕಳಿಸ್ತೀನಿ ಬಿಡಿ" ಅಂದ. ಬೇರೆ ಕಡೆ ಅಂದರೆ ಎಲ್ಲಿಗೆ ಅಂತ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ಹೊತ್ತು ಪಡುವಣ ಕಪ್ಪಾಗುತ್ತಿದೆ.

ಅಕ್ಕ


ಮೇ ೧೯
(ಮನೆಯ ವಿಳಾಸಕ್ಕೆ, ಇಬ್ಬರ ಹೆಸರಿಗೂ)

ಪೂಜ್ಯ ಅಕ್ಕ ಮತ್ತು ಭಾವನವರ ಸನ್ನಿಧಿಗೆ,

ಈ ಪತ್ರವನ್ನು ಭಾವ ಗಟ್ಟಿಯಾಗಿ ಓದತಕ್ಕದ್ದು. ಅಕ್ಕ ಎದುರಿಗೆ ಕೂತು ಕೇಳತಕ್ಕದ್ದು. ಪತ್ರ ಮುಗಿಯುವವರೆಗೆ ಯಾರೂ ಎದ್ದು ಹಸು ನೋಡಲು ಹೋಗಕೂಡದು, ಯಾರೂ ಮೇಜು ಒರೆಸಕೂಡದು.

ನಾನು ಇಬ್ಬರಿಗೆ ಮಾತು ಕೊಟ್ಟವನು. ಇವತ್ತು ಎರಡನ್ನೂ ಮುರಿಯುತ್ತಿದ್ದೇನೆ. ಸಂಬಂಧ ಕೆಟ್ಟರೆ ಕೆಡಲಿ. ಬರುವ ವರ್ಷ ನಿಮ್ಮ ಮನೆಯಲ್ಲಿ ನನಗೆ ಊಟವಿಲ್ಲ ಎಂದರೆ ಡಬ್ಬಿ ಕಟ್ಟಿಕೊಂಡು ಬರುತ್ತೇನೆ.

ಅಕ್ಕಾ, ಭಾವನಿಗೆ ಗೊತ್ತು. ಮೊದಲ ದಿನದಿಂದ ಗೊತ್ತು. ಮೆದೆಯ ಆಚೆ ಟೀ ಹಿಡಿದು ನಿಂತಿದ್ದರು.

ಭಾವಾ, ನಿಮಗೆ ಗೊತ್ತಾಗಬಾರದೆಂದು ಅಕ್ಕ ಹಸುಗಳನ್ನೇ ಬಿಟ್ಟುಕೊಡಲು ತಯಾರಾಗಿದ್ದಾಳೆ. ಅವಳ ತಲೆ ನೋಯುತ್ತಿರಲಿಲ್ಲ. ನೀವು ತಂದ ಮಾತ್ರೆ ಡಬ್ಬಿಯಲ್ಲೇ ಇರುತ್ತದೆ, ನೋಡಿ.

ಈಗ ಇಬ್ಬರೂ ಕೇಳಿ. ಆ ಗುರುತುಗಳನ್ನು ಬಡಗಿ ಸರಿಯಾಗಿ ನೋಡಿಲ್ಲ. ಅಕ್ಕ ನೋಡಿಲ್ಲ. ಮರದಿಂದ ಅವು ಹೋಗಿವೆ. ಆದರೆ ಒಂದೊಂದನ್ನೂ ಹತ್ತಿರದಿಂದ, ಮೂಗು ತಾಗಿಸಿ, ಗಂಟೆಗಟ್ಟಲೆ ನೋಡಿದವರು ಈ ಲೋಕದಲ್ಲಿ ಒಬ್ಬರೇ. ಯಾವ ಗಂಟಿನ ತೊಲೆಗೆ ಯಾವ ಗೀರು ಎಂದು ನನಗೆ ಬರೆದು ತಿಳಿಸಿದ್ದಾರೆ, ತಮಗೆ ನಿದ್ದೆ ಬರದ್ದಕ್ಕೆ ಉದಾಹರಣೆಯಾಗಿ! ಅಳಿಸಿದ ಕೈಗೇ ಅದು ನೆನಪಿದೆ. ಅವರನ್ನು ಕೇಳಲಾರದೆ ನೀನು ಕಂಬ ಸೀಳುತ್ತಿದ್ದೀಯ. ನಿನಗೆ ಮುಖ ತೋರಿಸಲಾರದೆ ಅವರು ಬೇಲಿಯ ಹತ್ತಿರ ನಿಲ್ಲುತ್ತಿದ್ದಾರೆ. ಮಳೆಗೆ ಇದು ಯಾವುದೂ ಗೊತ್ತಿಲ್ಲ, ಅದು ಬರುತ್ತಿದೆ.

ಭಾವಾ, ಪತ್ರ ಕೆಳಗಿಡಿ. ಚಾಕ್‌ಪೀಸು ತಗೊಳ್ಳಿ.

ಎರಡು ಕಡೆಯಿಂದಲೂ ಬೈಗುಳ ತಿನ್ನಲು ಸಿದ್ಧನಾದ
ತಮ್ಮ / ಭಾವಮೈದುನ


ಜೂನ್ ೨

ವಿಶ್ವಾಸಘಾತುಕನಿಗೆ,

ಇಷ್ಟು ದಿನ ಬರೆಯದೆ ಇದ್ದದ್ದು ಕೋಪಕ್ಕೆ ಅಂದುಕೋ. ಅರ್ಧ ಕೋಪಕ್ಕೆ, ಅರ್ಧ ಪುರುಸೊತ್ತಿಲ್ಲದ್ದಕ್ಕೆ.

ನಿನ್ನ ಕಾಗದವನ್ನು ಅವರು ಗಟ್ಟಿಯಾಗಿ ಓದುತ್ತಾ ಬಂದು "ಟೀ ಹಿಡಿದು ನಿಂತಿದ್ದರು" ಅನ್ನುವಲ್ಲಿ ನಿಲ್ಲಿಸಿದರು. ಮುಂದಿನದನ್ನು ನಾನು ಕಸಿದುಕೊಂಡು ಓದಿದೆ.

"ಇಷ್ಟು ದಿನ ನನ್ನ ಎದುರಿಗೆ ನಾಟಕ ಆಡಿದೆಯೇನೇ?" ಅಂದರು.

"ನೀವೇನು ಕಡಿಮೆ ಆಡಿದಿರಾ? ಆಲಸಿ ಪಾತ್ರ ಚೆನ್ನಾಗಿತ್ತು" ಅಂದೆ.

"ನನ್ನನ್ನ ಬೈದಿದ್ರೆ ಆಗ್ತಿತ್ತು."

"ಬೆರಳಿಗೆ ಬಟ್ಟೆ ಸುತ್ತಿಕೊಂಡವರನ್ನ ಹೇಗ್ರೀ ಬೈಯೋದು?"

ಅಲ್ಲಿಂದ ಶುರುವಾಯಿತು ನೋಡು ಜಗಳ. ಮದುವೆಯಾದಂದಿನಿಂದ ಬಾಕಿ ಇದ್ದದ್ದೆಲ್ಲ ತೀರಿತು. ಚಿಕ್ಕಮ್ಮನಿಗೆ ಕೇಳಿಸಿರಬೇಕು, ನಿನಗೆ ಬೇರೆ ವರದಿ ಬಂದಿರುತ್ತೆ.

ಅದಾದ ಮೇಲೆ ಅವರು ಚಾಕ್‌ಪೀಸು ಹಿಡಿದು ಅಂಗಳಕ್ಕೆ ಇಳಿದರು. ಮೊದಲ ತೊಲೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ರೋಗಿಯ ಜ್ವರ ನೋಡುವವರ ಹಾಗೆ. ಬಡಗಿ ಬೀಡಿ ಹಚ್ಚಲು ಹೋದವನು ಮರೆತ. "ಕೋಳಿಕಾಲು" ಅಂದು ಬರೆದರು. ಬಿರುಕಿನ ಕಂಬಕ್ಕೆ ಹೋಗಿ ಅದನ್ನೇ ಬರೆದರು. ಎತ್ತಿ ಇಟ್ಟೆವು. ನಾಲಿಗೆ ಒಳಗೆ ಹೋಯಿತು ಕಣೋ, ಬೆಣ್ಣೆಗೆ ಬೆರಳು ಹೋದ ಹಾಗೆ. ಬಡಗಿ ಗೂಟ ಹೊಡೆದ. ನಿನ್ನ ಭಾವ ಆಗಲೇ ಮುಂದಿನ ತೊಲೆಯ ಹತ್ತಿರ ಹೋಗಿ ನಿಂತಾಗಿತ್ತು.

ಎಲ್ಲವೂ ನೆನಪಿರಲಿಲ್ಲ. ನಾಲ್ಕಾರು ತಪ್ಪಿದವು. ಹಾಗಾದಾಗ ಅವರು ನನ್ನ ಮುಖ ನೋಡುತ್ತಿದ್ದರು. "ಯೋಚನೆ ಮಾಡಿ, ಯಾವ ಕಡೆ ಕೂತು ಉಜ್ಜಿದಿರಿ?" ಅಂತ ಕೇಳುತ್ತಿದ್ದೆ. "ಬಿಸಿಲು ಬೆನ್ನಿಗಿತ್ತು" ಅನ್ನುತ್ತಿದ್ದರು. ಹಾಗೆ ಹಾಗೆಯೇ ಸಿಕ್ಕಿದವು.

ಮಳೆ ನಮಗೆ ಕಾಯಲಿಲ್ಲ. ಹಸುವಿನ ಅಂಕಣಕ್ಕೂ ಕಣಕ್ಕೂ ಹಂಚು ಹೊದಿಸಿ ಏಣಿ ಇಳಿಯುತ್ತಿದ್ದೆವು, ಗುಡುಗಿತು. ಗಾಡಿಮನೆಯಿಂದ ಹಸುಗಳನ್ನು ಓಡಿಸಿಕೊಂಡು ಬಂದೆ. ಡೈರಿಯವನ ಲಾರಿ ಸರಿಯಾಗಿ ಅದೇ ಹೊತ್ತಿಗೆ ಬಂದು ಗೇಟಿನ ಹತ್ತಿರ ನಿಂತಿತು. ಅವನು ಇಳಿದು, ಮೂರರಲ್ಲಿ ಎರಡೇ ಅಂಕಣಕ್ಕೆ ಸೂರು ಇರುವುದನ್ನು ನೋಡಿ, "ಅಮ್ಮಾ, ಪೂರ್ತಿ ಆಗಿಲ್ಲವಲ್ಲ" ಅಂದ. ನಿಜ ಹೇಳಬೇಕೆಂದರೆ ನನ್ನ ಮಾತು ಪೂರ್ತಿ ಸೂರಿನದೇ ಆಗಿತ್ತು. ನಾನು ನಿನ್ನ ಭಾವನ ಕಡೆ ನೋಡಿದೆ. ಮಳೆಯಲ್ಲಿ ನೆನೆಯುತ್ತಾ, ಸಗಣಿಯಲ್ಲಿ ಪಾದ ಮುಳುಗಿಸಿಕೊಂಡು, ಗಡಿಬಿಡಿಯ ಹಗ್ಗ ಹಿಡಿದಿದ್ದರು. ಸೀನಿದರು. ಆಮೇಲೆ ಅವನಿಗೆ, "ನೆಲ ಒದ್ದೆಯಿದೆ, ಲಾರಿ ಹೂತುಕೊಳ್ಳುತ್ತೆ. ಬೇಗ ಹೊರಡಿ" ಅಂದರು. ಅವನು ಹೊರಟ.

ಈಗ ಉಳಿದಿರುವುದು ಹುಲ್ಲಿನ ಅಂಕಣ. ಅದರ ಮರಗಳು ಇನ್ನೂ ಅಂಗಳದಲ್ಲೇ ಇವೆ. ಟಾರ್ಪಾಲು ಸೋರುತ್ತೆ, ಬರೆದದ್ದೆಲ್ಲ ಸುಣ್ಣದ ನೀರಾಗಿ ಇಳಿಯುತ್ತಿದೆ. ಮತ್ತೆ ಮತ್ತೆ ಬರೆಯುವುದೇ ಕೆಲಸವಾಗಿದೆ. ಗುರುತುಗಳನ್ನು ಮರದಲ್ಲೇ ಕೆತ್ತಿಬಿಡೋಣ ಅಂತ ತೀರ್ಮಾನಿಸಿದ್ದೇವೆ. ಬಡಗಿಯ ಉಳಿಗಳೆಲ್ಲ ಅಗಲ, ಇಲ್ಲಿಯ ಅಂಗಡಿಯಲ್ಲಿ ಸಣ್ಣದಿಲ್ಲ. ನಿಮ್ಮ ಊರಿನಲ್ಲಿ ಕಾಲಿಂಚಿನ ಉಳಿ ಸಿಗುತ್ತಂತೆ. ಇವತ್ತೇ ಹೋಗಿ ತಗೊಂಡು ನಾಳೆಯ ಅಂಚೆಗೆ ಹಾಕು. ಒಂದು ಸಾಲದು, ಎರಡು ಕಳಿಸು. ಇಬ್ಬರೂ ಕೂತಿದ್ದೇವೆ.

ಅಕ್ಕ